ಮೇಡಂ, ನೀವ್ಯಾಕೆ ಚೀಫ್ ಮ್ಯಾನೇಜರ್ ಆಗಲಿಲ್ಲ?

ಕಲಬುರಗಿಯಲ್ಲಿ ಬ್ಯಾಂಕ್ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. "ಇಷ್ಟು ವರ್ಷ ಸರ್ವಿಸ್ ಆಗ್ಯದ, ಇನ್ನೂ ಸ್ಕೇಲ್ ಮೂರರಾಗೇ ಇದ್ದೀರಿ, ಯಾಕ್ರೀ?" ಮಕ್ಕಳು, ಮನೆ, ಅತ್ತೆ-ಮಾವ ಅಂತ ಉತ್ತರವನ್ನೂ ಅವರೇ ಊಹಿಸಿರುತ್ತಾರೆ. ಅದೂ ಇದೆ, ಇಲ್ಲ ಅನ್ನಲ್ಲ. ಆದರೆ ನನ್ನನ್ನು ಜಾಸ್ತಿ ಹಿಂದೆ ಉಳಿಸಿದ್ದು ಆಫೀಸಿನವರ ಕಾಳಜಿ.

ಸರ್ಕಾರಿ ಬ್ಯಾಂಕಿನಲ್ಲಿ ಅಧಿಕಾರಿಗಳಿಗೆ ಒಂದರಿಂದ ಮೇಲಕ್ಕೆ ಸ್ಕೇಲ್, ಅಂದರೆ ದರ್ಜೆ. ನಾಲ್ಕು, ಐದು ಅಂದರೆ ಸೀನಿಯರ್ ಮ್ಯಾನೇಜ್‌ಮೆಂಟ್, ಚೀಫ್ ಮ್ಯಾನೇಜರ್ ಅಂದರೆ ನಾಲ್ಕನೇ ಸ್ಕೇಲ್. ಅಲ್ಲಿಗೆ ಹತ್ತುವಾಗ ಹಳ್ಳಿ ಶಾಖೆಯಲ್ಲಿ ದುಡಿದದ್ದಕ್ಕೆ, ಶಾಖೆ ನಡೆಸಿದ್ದಕ್ಕೆ ತುಂಬಾ ಬೆಲೆ.

ಸೇಡಂ ಕಡೆಯ ಒಂದು ಶಾಖೆಗೆ ಮ್ಯಾನೇಜರ್ ಅಂತ ನನಗೆ ಆರ್ಡರ್ ಬಂದಾಗ ಮಗಳಿಗೆ ಎರಡು ವರ್ಷ. ಹೋಗಿ ನೋಡಿಕೊಂಡು ಬಂದೆ. ಎರಡು ಕೋಣೆ, ಗೋಡೆ ಮೇಲೆ ಸಾಲದ ಟಾರ್ಗೆಟ್ ಬರೆದ ಬೋರ್ಡು, ಬಾಗಿಲಲ್ಲಿ ತೊಗರಿ ಮಾರಿ ಬಂದ ರೈತರು, ಹೆಂಗಸರಿಗೆ ಟಾಯ್ಲೆಟ್ ಇಲ್ಲ. ಅವತ್ತು ಸಂಜೆಯೇ ಮೇಲಧಿಕಾರಿ ಫೋನ್ ಮಾಡಿದರು. "ಸಣ್ಣ ಕೂಸು ಅದ, ನಿಮಗ್ಯಾಕ್ರಿ ಆ ತ್ರಾಸ? ಸ್ವಲ್ಪ ದಿನ ಊರಾಗೇ ಇರ್ರಿ, ಲೋನ್ ಪ್ರೊಸೆಸಿಂಗ್‌ನಾಗ ಕುಂದ್ರಸ್ತೀನಿ." ಸಮಾಧಾನಕ್ಕೆ ಕಣ್ಣಲ್ಲಿ ನೀರು ಬಂತು. ಮರುದಿನ ಎಲ್ಲರಿಗೂ ಮಾಲ್ಪುರಿ ಹಂಚಿದೆ. ಆ ಶಾಖೆಗೆ ನನ್ನ ಬ್ಯಾಚಿನವರೇ ಒಬ್ಬರು ಹೋದರು. ಅವರ ಮಗನಿಗೂ ಆಗ ಎರಡೇ ವರ್ಷ, ಅವರಿಗೆ ಮಾತ್ರ ಅಂಥ ಫೋನ್ ಬರಲಿಲ್ಲ.

ಸ್ವಲ್ಪ ದಿನ ಅಂದದ್ದು ಒಂಬತ್ತು ವರ್ಷವಾಯಿತು. ಗಂಜ್ ಮಾರ್ಕೆಟ್ಟಿನ ದಾಲ್ ಮಿಲ್ಲುಗಳ ಎಷ್ಟು ಸಾಲದ ಫೈಲು ಓದಿ, ಲೆಕ್ಕದ ತಪ್ಪು ಸರಿಮಾಡಿ ಕಳಿಸಿದೆನೋ ಲೆಕ್ಕವಿಲ್ಲ. ಆ ಸಾಲ ಕೊಟ್ಟ ಹೆಸರು ಮಾತ್ರ ಬ್ರಾಂಚ್ ಮ್ಯಾನೇಜರುಗಳದ್ದು. ಪ್ರಮೋಷನ್ ಇಂಟರ್ವ್ಯೂನಲ್ಲಿ ಮೊದಲು ಕೇಳಿದ್ದೇ "ಶಾಖೆ ಎಷ್ಟು ವರ್ಷ ನಡೆಸಿದ್ದೀರಿ?" ಅಂತ. ಒಂದು ದಿನವೂ ಇಲ್ಲ. ಸೇಡಂ ಕಡೆ ಹೋದವರು ಆ ವರ್ಷ ಚೀಫ್ ಮ್ಯಾನೇಜರ್ ಆದರು. ಅವರು ಯೋಗ್ಯರೇ, ಅದರಲ್ಲಿ ಎರಡು ಮಾತಿಲ್ಲ.

ಕಾನೂನು ಬಂದಿವೆ. ಷೇರುಪೇಟೆಯ ಲಿಸ್ಟೆಡ್ ಕಂಪನಿಯ ನಿರ್ದೇಶಕರ ಬೋರ್ಡಿನಲ್ಲಿ ಒಬ್ಬ ಮಹಿಳೆಯಾದರೂ ಇರಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತದೆ. ಹೆರಿಗೆ ರಜೆ 2017ರಲ್ಲಿ 26 ವಾರವಾಯಿತು. ಒಳ್ಳೆಯದೇ. ಆದರೆ ತೊಟ್ಟಿಲಿಗೂ ಬೋರ್ಡ್ ರೂಮಿಗೂ ನಡುವೆ ಎಷ್ಟೋ ವರ್ಷ ಇದೆ ಅಲ್ವಾ? ಆ ವರ್ಷಗಳಲ್ಲಿ ಯಾರಿಗೆ ಯಾವ ಕೆಲಸ ಅನ್ನೋದು ಇಂಥ ಫೋನಿನಲ್ಲೇ ತೀರ್ಮಾನವಾಗುತ್ತದೆ. ಕೆ. ರತ್ನಪ್ರಭಾ ಅವರು ಎಂಬತ್ತರ ದಶಕದಲ್ಲಿ ಬೀದರ್‌ನಲ್ಲಿ ಅಸಿಸ್ಟೆಂಟ್ ಕಮಿಷನರ್ ಆಗಿದ್ದವರು, 2017ರಲ್ಲಿ ರಾಜ್ಯದ ಮುಖ್ಯ ಕಾರ್ಯದರ್ಶಿಯಾದರು. ಬೀದರ್ ದೂರ, ನಿಮಗ್ಯಾಕೆ ಅಂತ ಆಗ ಯಾರಾದರೂ ಅವರನ್ನು ತಡೆದಿದ್ದರೆ?

ಅದಕ್ಕೇ ಹುಡುಗಿಯರಿಗೆ ಹೇಳುತ್ತೇನೆ, ಹಳ್ಳಿ ಪೋಸ್ಟಿಂಗ್ ಬಂದರೆ ಸುಮ್ನೆ ಕ್ಯಾನ್ಸಲ್ ಮಾಡಿಸಬೇಡಿ. ಮನೆ ಕೇಳಿ, ಟಾಯ್ಲೆಟ್ ಕೇಳಿ, ಬರೆದು ಕೇಳಿ. ಕಾಳಜಿ ಇರುವ ಮೇಲಧಿಕಾರಿಗಳು ಆರ್ಡರ್ ಬದಲಿಸುವ ಮುಂಚೆ "ಏನು ಬೇಕು?" ಅಂತ ಒಂದು ಮಾತು ಕೇಳಲಿ.

ಹೋದ ತಿಂಗಳು ನಮ್ಮ ಆಫೀಸಿನ ಹುಡುಗಿಯೊಬ್ಬಳಿಗೆ ಚಿಂಚೋಳಿ ತಾಲ್ಲೂಕಿನ ಶಾಖೆಗೆ ಆರ್ಡರ್ ಬಂತು. ಅವಳಪ್ಪ ಬಂದು, "ಸಾಹೇಬರಿಗೆ ಹೇಳಿ ಇಲ್ಲೇ ಉಳಿಸ್ರಿ ಮೇಡಂ" ಅಂದರು. ಆಗಲ್ಲ ಅಂದೆ. ಭಾನುವಾರ ಮೂವರೂ ಹೋಗಿ, ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮನೆ ನೋಡಿ ಅಡ್ವಾನ್ಸ್ ಕೊಟ್ಟು ಬಂದೆವು. ಟಾಯ್ಲೆಟ್‌ಗೆ ಅವಳು ಕೊಟ್ಟ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ.