ಹಲವು ದೇಶಗಳು, ಒಂದೇ ಬಾಡಿಗೆ ಕಾರು

ಯುರೋಪಿನಲ್ಲಿ ಬಾಡಿಗೆ ಕಾರು ತೆಗೆದುಕೊಂಡು ಮೂರು ನಾಲ್ಕು ದೇಶಗಳನ್ನು ಸುತ್ತಬೇಕೆಂದು ಹೊರಡುವವರಲ್ಲಿ ಹೆಚ್ಚಿನವರು ಮೊದಲು ನಕ್ಷೆ ಹರಡಿಕೊಂಡು ಕೂರುತ್ತಾರೆ. ದಾರಿ ಗೊತ್ತುಮಾಡಿ, ತಂಗುವ ಊರುಗಳನ್ನು ಕಾಯ್ದಿರಿಸಿ, ಕಟ್ಟಕಡೆಗೆ ಕಾರಿನ ವಿಚಾರಕ್ಕೆ ಬರುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಓದಬೇಕಾದದ್ದು ಬಾಡಿಗೆ ಕಂಪನಿಯ ಒಪ್ಪಂದವನ್ನು. ಅದರಲ್ಲೂ ಯಾವ ಕಾರನ್ನು ಯಾವ ದೇಶಕ್ಕೆ ಒಯ್ಯಬಹುದು, ಯಾವ ದೇಶಕ್ಕೆ ಒಯ್ಯಕೂಡದು ಎಂದು ಹೇಳುವ ಭಾಗವನ್ನು. ಒಳಗಡಿಗಳ ತಪಾಸಣೆಯನ್ನು ಸಾಮಾನ್ಯವಾಗಿ ಕೈಬಿಟ್ಟಿರುವ ಯುರೋಪಿನ ದೇಶಗಳ ಕೂಟವಾದ ಷೆಂಗೆನ್ ವಲಯದ ಒಳಗೆ ಗಡಿಯೆಂದರೆ ಎಷ್ಟೋ ಕಡೆ ರಸ್ತೆ ಬದಿಯ ಒಂದು ನೀಲಿ ಫಲಕ ಮಾತ್ರ. ಹನ್ನೆರಡು ನಕ್ಷತ್ರಗಳ ನಡುವೆ ದೇಶದ ಹೆಸರು ಬರೆದಿರುತ್ತದೆ, ಕಾರು ವೇಗವನ್ನೂ ತಗ್ಗಿಸದೆ ಅದನ್ನು ದಾಟಿಬಿಡುತ್ತದೆ. ಆದರೆ ನಮ್ಮ ಕೈಯಲ್ಲಿರುವ ಒಪ್ಪಂದದ ಪಾಲಿಗೆ ಆ ಗಡಿ ಅಲ್ಲಿಯೇ ಇರುತ್ತದೆ. ಅನುಮತಿಯಿಲ್ಲದ ದೇಶದೊಳಗೆ ಕಾರು ಹೋದ ಕ್ಷಣದಿಂದ ಅಪಘಾತ, ಕಳವು, ಕೆಟ್ಟು ನಿಂತಾಗ ಸಿಗುವ ನೆರವು, ಇವೆಲ್ಲದರ ಹೊರೆಯೂ ಚಾಲಕನ ತಲೆಯ ಮೇಲೆ ಬೀಳಬಹುದು.

ಈ ಅನುಮತಿಯ ಪಟ್ಟಿ ಎಲ್ಲ ಕಾರುಗಳಿಗೂ ಒಂದೇ ಆಗಿರುವುದಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಒಂದೇ ಕಂಪನಿಯ ಒಂದೇ ಕೌಂಟರಿನಲ್ಲಿ ಸಣ್ಣ ಕಾರೊಂದಕ್ಕೆ ಪೂರ್ವ ಯುರೋಪಿನ ದೇಶಗಳಿಗೆ ಹೋಗಲು ಒಪ್ಪಿಗೆ ಇದ್ದು, ಬಿಎಂಡಬ್ಲ್ಯು, ಮರ್ಸಿಡಿಸ್, ಆಡಿಯಂಥ ದುಬಾರಿ ಕಾರುಗಳಿಗೆ ಅದೇ ದೇಶಗಳು ನಿಷಿದ್ಧವಾಗಿರುವುದು ಸಾಮಾನ್ಯ. ಕಾಯ್ದಿರಿಸಿದ ದರ್ಜೆಯ ಕಾರು ಇಲ್ಲವೆಂದು ಕೌಂಟರಿನವರು ಅದೇ ದರಕ್ಕೆ ಮೇಲಿನ ದರ್ಜೆಯ ಕಾರನ್ನು ಕೊಡಲು ಮುಂದಾದಾಗ ಸಂತೋಷಪಡುವ ಮೊದಲು ಈ ಒಂದು ಪ್ರಶ್ನೆಯನ್ನು ಕೇಳಲೇಬೇಕು. ಕೆಲವು ದೇಶಗಳಿಗೆ ಗಡಿ ದಾಟುವ ಶುಲ್ಕ ಕೊಟ್ಟರೆ ಮಾತ್ರ ಒಪ್ಪಿಗೆ ದೊರೆಯುತ್ತದೆ. ಹಾಗೆ ದೊರೆತ ಒಪ್ಪಿಗೆ ಒಪ್ಪಂದ ಪತ್ರದಲ್ಲಿ ದೇಶಗಳ ಹೆಸರಿನೊಂದಿಗೆ ಬರಹದಲ್ಲಿ ಇರಬೇಕು. ಬಾಯಿಮಾತಿನ ಭರವಸೆ ಗಡಿಯಲ್ಲಿಯೂ ನಡೆಯದು, ವಿಮೆಯ ಮುಂದೆಯೂ ನಡೆಯದು. ಕಾರನ್ನು ಹಡಗಿನಲ್ಲಿ ಸಾಗಿಸುವ ಯೋಚನೆಯಿದ್ದರೆ ಅದಕ್ಕೂ ಪ್ರತ್ಯೇಕ ಒಪ್ಪಿಗೆ ಬೇಕಾಗುತ್ತದೆ.

ಕ್ರೊಯೇಷಿಯಾದ ಕರಾವಳಿ ಇದಕ್ಕೆ ಒಳ್ಳೆಯ ನಿದರ್ಶನ. ಸ್ಪ್ಲಿಟ್‌ನಿಂದ ದುಬ್ರೊವ್ನಿಕ್‌ಗೆ ಹೋಗುವ ಕರಾವಳಿಯ ರಸ್ತೆ ನೆಉಮ್ ಎಂಬ ಊರಿನ ಬಳಿ ಬೋಸ್ನಿಯಾದ ಸಣ್ಣದೊಂದು ತೀರವನ್ನು ಹಾದುಹೋಗುತ್ತದೆ. ಎರಡು ತುದಿಗಳೂ ಕ್ರೊಯೇಷಿಯಾದಲ್ಲೇ ಇದ್ದರೂ ನಡುವೆ ಬೇರೊಂದು ದೇಶ ಬರುತ್ತಿದ್ದುದರಿಂದ, ಬೋಸ್ನಿಯಾಕ್ಕೆ ಅನುಮತಿಯಿಲ್ಲದ ಬಾಡಿಗೆ ಕಾರಿನವರಿಗೆ ಆ ದಾರಿ ತೊಡಕಿನದಾಗಿತ್ತು. 2022ರ ಜುಲೈನಲ್ಲಿ ಪೆಲ್ಯೆಶಾತ್ಸ್ ಸೇತುವೆ ತೆರೆದ ಮೇಲೆ ಬೋಸ್ನಿಯಾವನ್ನು ಮುಟ್ಟದೆ ಸಾಗಬಹುದಾಗಿದೆ. 2023ರ ಜನವರಿ 1ರಂದು ಕ್ರೊಯೇಷಿಯಾ ಷೆಂಗೆನ್ ವಲಯವನ್ನೂ ಯೂರೋವನ್ನೂ ಒಟ್ಟಿಗೆ ಸೇರಿತು. ಹಳೆಯ ಪ್ರವಾಸ ಬರಹಗಳನ್ನು ನಂಬಿಕೊಂಡು ಯೋಜನೆ ಹಾಕುವವರು ಇಂಥ ಬದಲಾವಣೆಗಳನ್ನು ಪರಿಶೀಲಿಸಿಕೊಳ್ಳುವುದು ಅವಶ್ಯ.

ಷೆಂಗೆನ್ ವೀಸಾ ಬೇಕಾದ ಪ್ರಯಾಣಿಕರಿಗೆ ಇದರಲ್ಲಿ ಇನ್ನೊಂದು ಮುಖವಿದೆ. ಕಾರಿಗೆ ಬೋಸ್ನಿಯಾ, ಮಾಂಟೆನೆಗ್ರೊ ಅಥವಾ ಅಲ್ಬೇನಿಯಾಕ್ಕೆ ಹೋಗಲು ಅನುಮತಿ ಸಿಕ್ಕಿದರೂ, ಚಾಲಕನ ಬಳಿ ಇರುವುದು ಒಂದೇ ಪ್ರವೇಶದ ವೀಸಾ ಆಗಿದ್ದರೆ ಆ ದೇಶಗಳಿಗೆ ಹೊರಟ ಕೂಡಲೇ ಅದು ಮುಗಿದಂತೆ. ಮರಳಿ ಷೆಂಗೆನ್ ಒಳಗೆ ಬರಲು ದಾರಿ ಇರುವುದಿಲ್ಲ. ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಪುಟ್ಟ ಅಂಡೋರಾ ಕೂಡ ಷೆಂಗೆನ್‌ನ ಹೊರಗಿದೆ. ಹಾಗಾಗಿ ದಾರಿಯನ್ನು ತೀರ್ಮಾನಿಸಿ ಆಮೇಲೆ ವೀಸಾಕ್ಕೆ ಅರ್ಜಿ ಹಾಕುವುದು, ಅರ್ಜಿಯಲ್ಲಿಯೇ ಬಹುಪ್ರವೇಶದ ಅಗತ್ಯವನ್ನು ಕಾರಣಸಹಿತ ತಿಳಿಸುವುದು ಸರಿಯಾದ ಕ್ರಮ. ವಲಯದ ಒಳಗೂ ತಪಾಸಣೆಯೇ ಇಲ್ಲವೆಂದು ತಿಳಿಯಬಾರದು. ಜರ್ಮನಿ 2024ರ ಸೆಪ್ಟೆಂಬರಿನಲ್ಲಿ ತನ್ನ ಎಲ್ಲ ಭೂಗಡಿಗಳಲ್ಲಿ ತಾತ್ಕಾಲಿಕ ತಪಾಸಣೆಯನ್ನು ಜಾರಿಗೆ ತಂದಿತು. ಪಾಸ್‌ಪೋರ್ಟುಗಳು ಡಿಕ್ಕಿಯ ತಳದ ಸೂಟ್‌ಕೇಸಿನಲ್ಲಿರದೆ ಕೈಗೆಟಕುವಂತಿರಬೇಕು.

ಎಲ್ಲಿ ಕಾರು ಪಡೆಯಬೇಕೆಂಬುದನ್ನು ನಾನು ಈ ಪಟ್ಟಿಯನ್ನು ಓದಿದ ಮೇಲೆಯೇ ನಿರ್ಧರಿಸುತ್ತೇನೆ. ಒಂದು ದೇಶದಲ್ಲಿ ಪಡೆದ ಕಾರನ್ನು ಇನ್ನೊಂದು ದೇಶದಲ್ಲಿ ಬಿಟ್ಟರೆ ಕಂಪನಿಗಳು ವಿಧಿಸುವ ಶುಲ್ಕ ಎಷ್ಟೋ ಸಲ ಇಡೀ ಬಾಡಿಗೆಯನ್ನೇ ಮೀರುತ್ತದೆ. ಇದು ಬರೀ ಲಾಭಕೋರತನವಲ್ಲ. ಕಾರು ನೋಂದಣಿಯಾದದ್ದು ಒಂದು ದೇಶದಲ್ಲಿ. ಅದರ ತೆರಿಗೆ, ವಿಮೆ, ನಂಬರ್ ಪ್ಲೇಟು ಎಲ್ಲವೂ ಆ ದೇಶದವು. ಅದನ್ನು ಬೇರೆ ದೇಶದಲ್ಲಿ ಮುಂದಿನ ಗಿರಾಕಿಗೆ ಸಲೀಸಾಗಿ ಕೊಡಲು ಆಗದ ಕಾರಣ ಯಾರಾದರೂ ಅದನ್ನು ವಾಪಸು ಓಡಿಸಿಕೊಂಡು ಹೋಗಬೇಕಾಗುತ್ತದೆ. ಆದ್ದರಿಂದ ಹೊರಟಲ್ಲಿಗೇ ಮರಳುವಂತೆ ವರ್ತುಲವಾಗಿ ಸಾಗುವ ದಾರಿಯನ್ನು ನಾನು ಬಲವಾಗಿ ಶಿಫಾರಸು ಮಾಡುತ್ತೇನೆ. ಸ್ಲೊವೇನಿಯಾದ ಲ್ಯುಬ್ಲಿಯಾನಾ ಇದಕ್ಕೆ ಹೇಳಿ ಮಾಡಿಸಿದ ಊರು; ಆ ಸಣ್ಣ ದೇಶದ ಸುತ್ತ ಇಟಲಿ, ಆಸ್ಟ್ರಿಯಾ, ಹಂಗೇರಿ, ಕ್ರೊಯೇಷಿಯಾ ಹೆಣೆದುಕೊಂಡಿವೆ. ಅಲ್ಲಿಂದ ಉತ್ತರಕ್ಕೆ ಹೊರಟು, ಆಸ್ಟ್ರಿಯಾದ ಫಿಲಾಖ್ ಮುಟ್ಟಿ, ಇಟಲಿಯ ಡೊಲೊಮೈಟ್ ಪರ್ವತಗಳನ್ನು ಹೊಕ್ಕು, ಟ್ರಿಯೆಸ್ಟೆಯ ಮೂಲಕ ಮರಳಿದರೆ ಮೂರು ದೇಶಗಳೂ ಆದವು, ಬಿಡುವ ಶುಲ್ಕವೂ ತಪ್ಪಿತು. ದೂರದ ಎರಡು ತುದಿಗಳನ್ನು ನೋಡಲೇಬೇಕೆಂದಿದ್ದರೆ ಒಂದು ಕಾರನ್ನು ಹಿಂತಿರುಗಿಸಿ, ಗಡಿಯನ್ನು ರೈಲಿನಲ್ಲಿ ದಾಟಿ, ಆಚೆ ಇನ್ನೊಂದು ಕಾರು ಪಡೆಯುವುದು ಅಗ್ಗವಾಗಬಹುದು. ಬಾಸೆಲ್-ಮುಲೂಸ್ ಮತ್ತು ಜಿನೀವಾ ವಿಮಾನ ನಿಲ್ದಾಣಗಳಲ್ಲಿ ಸ್ವಿಸ್ ಭಾಗ, ಫ್ರೆಂಚ್ ಭಾಗ ಎಂದು ಎರಡಿದ್ದು, ಎರಡರಲ್ಲೂ ಬಾಡಿಗೆ ಕೌಂಟರುಗಳಿವೆ. ಕಾರು ಯಾವ ಭಾಗದಲ್ಲಿ ಕಾಯ್ದಿರಿಸಿದೆಯೋ ಅಲ್ಲಿಗೇ ಹೋಗಬೇಕು, ಮರಳಿಸುವುದೂ ಅಲ್ಲಿಗೇ.

ಚಾಲನಾ ಪರವಾನಗಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1949ರ ಜಿನೀವಾ ಒಡಂಬಡಿಕೆಯ ಪ್ರಕಾರ ಕೊಡುವ ಅಂತರರಾಷ್ಟ್ರೀಯ ಪರವಾನಗಿ ಒಂದು ವರ್ಷಕ್ಕೆ, 1968ರ ವಿಯೆನ್ನಾ ಒಡಂಬಡಿಕೆಯದು ಗರಿಷ್ಠ ಮೂರು ವರ್ಷಕ್ಕೆ ಮಾನ್ಯ. ಎರಡೂ ಮೂಲ ಪರವಾನಗಿಯ ಜೊತೆಯಲ್ಲಿದ್ದರೆ ಮಾತ್ರ ಬೆಲೆಯುಳ್ಳವು. ಕೌಂಟರಿನಲ್ಲಿ ಕೇಳದೆ ಇದ್ದರೂ ಮುಂದಿನ ದೇಶದ ಪೊಲೀಸರು ಕೇಳಬಹುದು.

ವಿಮೆಯ ವಿಷಯದಲ್ಲಿ ನಿಧಾನವಾಗಿ ಯೋಚಿಸಬೇಕು. ಯುರೋಪಿನ ಬಾಡಿಗೆಯಲ್ಲಿ ಮೂರನೆಯವರಿಗೆ ಆಗುವ ಹಾನಿಯ ವಿಮೆ ಸೇರಿಯೇ ಇರುತ್ತದೆ. ಕಾರಿಗೇ ಆಗುವ ಹಾನಿಗೆ ಸಾಮಾನ್ಯವಾಗಿ ಒಂದು ಮಿತಿಯಿದ್ದು, ಆ ಮಿತಿಯವರೆಗಿನ ನಷ್ಟ ನಮ್ಮದು, ಅದರಾಚೆಗಿನದು ಕಂಪನಿಯದು. ಕೌಂಟರಿನಲ್ಲಿ ಕ್ರೆಡಿಟ್ ಕಾರ್ಡಿನ ಮೇಲೆ ತಡೆಹಿಡಿಯುವ ಮೊತ್ತ ಬಹಳ ಸಲ ಇದೇ ಮಿತಿಗೆ ಹೊಂದಿಕೊಂಡಿರುತ್ತದೆ. ಕಾರ್ಡು ಮುಖ್ಯ ಚಾಲಕನ ಹೆಸರಿನಲ್ಲೇ ಇರಬೇಕು, ಅದರಲ್ಲಿ ಅಷ್ಟು ಅವಕಾಶವೂ ಉಳಿದಿರಬೇಕು. ಟೈರು, ಗಾಜು, ಕಾರಿನ ತಳಭಾಗ, ಮೇಲ್ಛಾವಣಿ ಇವು ಮೂಲ ರಕ್ಷಣೆಯಿಂದ ಹೊರಗಿರುವುದೇ ಹೆಚ್ಚು, ಪರ್ವತದ ರಸ್ತೆಗಳಲ್ಲಿ ಪೆಟ್ಟು ಬೀಳುವುದೂ ಇವಕ್ಕೇ. ನಷ್ಟದ ಮಿತಿಯನ್ನು ಭರಿಸುವ ಪ್ರತ್ಯೇಕ ಪಾಲಿಸಿಯನ್ನು ಹೊರಗಿನ ವಿಮಾ ಸಂಸ್ಥೆಯಿಂದ ಕೊಂಡರೆ ಖರ್ಚು ಕಡಿಮೆ, ಆದರೆ ಮೊದಲು ನಾವು ಹಣ ತೆತ್ತು ಆಮೇಲೆ ಕ್ಲೇಮ್ ಮಾಡಬೇಕು. ಅಷ್ಟು ಹಣ ಕೈಯಲ್ಲಿ ಇಲ್ಲದವರಿಗೆ ಕೌಂಟರಿನ ಪೂರ್ಣ ರಕ್ಷಣೆಯೇ ಮೇಲು. ದೂರದ ವಿಮಾನ ಪ್ರಯಾಣದಿಂದ ದಣಿದು ಕೌಂಟರಿನ ಮುಂದೆ ನಿಂತಾಗ ಇದನ್ನೆಲ್ಲ ತೂಗಿ ನೋಡುವ ಸಹನೆ ಇರುವುದಿಲ್ಲವಾದ್ದರಿಂದ ಹೊರಡುವ ಮೊದಲೇ ತೀರ್ಮಾನಿಸಿಕೊಂಡಿರಬೇಕು. ಬಾಲ್ಕನ್ ದೇಶಗಳ ಕಡೆಗೆ ಹೋಗುವವರು ಗ್ರೀನ್ ಕಾರ್ಡ್ ಎಂಬ ವಿಮಾ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಅಲ್ಬೇನಿಯಾ, ಉತ್ತರ ಮ್ಯಾಸಿಡೋನಿಯಾಗಳಿಗೆ ಅದು ಬೇಕೇ ಬೇಕು. ಹೆಸರಿನಲ್ಲಿ ಹಸಿರಿದ್ದರೂ 2020ರ ಜುಲೈನಿಂದ ಅದನ್ನು ಬಿಳಿ ಹಾಳೆಯಲ್ಲಿ ಕಪ್ಪಾಗಿ ಮುದ್ರಿಸಲು ಅವಕಾಶವಿದೆ. ಕೊಸೊವೊ ಈ ವ್ಯವಸ್ಥೆಯಲ್ಲಿಲ್ಲ. ಅಲ್ಲಿ ಗಡಿಯಲ್ಲಿಯೇ ವಿಮೆ ಕೊಳ್ಳಬೇಕಾಗುತ್ತದೆ.

ಕೀಲಿ ಕೈಗೆ ಬಂದ ಮೇಲೆ ಹತ್ತು ಹದಿನೈದು ನಿಮಿಷವನ್ನು ಕಾರಿನ ಸುತ್ತ ಕಳೆಯುವುದು ನನ್ನ ಪದ್ಧತಿ. ನಿಲುಗಡೆಯ ತಾಣ ನೆಲಮಾಳಿಗೆಯಲ್ಲಿದ್ದು ಬೆಳಕು ಮಂದವಾಗಿದ್ದರೆ ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದು ನೋಡಬೇಕು; ನೇರ ಬೆಳಕಿನಲ್ಲಿ ಕಾಣದ ತಗ್ಗು ಓರೆ ಬೆಳಕಿನಲ್ಲಿ ನೆರಳಾಗಿ ಕಾಣಿಸುತ್ತದೆ. ಬಾಗಿಲುಗಳನ್ನು ಎಲ್ಲರೂ ನೋಡುತ್ತಾರೆ. ನೋಡದೆ ಬಿಡುವುದು ಮುಂದಿನ ಬಂಪರಿನ ಕೆಳ ಅಂಚನ್ನು, ಪಾದಚಾರಿ ಕಟ್ಟೆಗೆ ಉಜ್ಜಿದ ಅಲಾಯ್ ಚಕ್ರಗಳ ಅಂಚನ್ನು, ಕನ್ನಡಿಗಳ ಹೊರಕವಚವನ್ನು, ಗಾಜಿನ ಮೇಲೆ ಸಾಸಿವೆ ಕಾಳಿನಷ್ಟಿರುವ ಕಲ್ಲೇಟಿನ ಗುರುತನ್ನು. ನಾಲ್ಕೂ ಚಕ್ರಗಳ, ಗಾಜಿನ, ಛಾವಣಿಯ, ಓಡೋಮೀಟರಿನ ಮತ್ತು ಇಂಧನದ ಮುಳ್ಳಿನ ಚಿತ್ರ ತೆಗೆದು, ಒಪ್ಪಂದದ ಹಾನಿ ಪಟ್ಟಿಯಲ್ಲಿ ಇಲ್ಲದ ಪ್ರತಿಯೊಂದು ಗೀರನ್ನೂ ಸಿಬ್ಬಂದಿಯಿಂದ ಅಲ್ಲಿಯೇ ಬರೆಸಬೇಕು. ಆಮೇಲೆ ಡಿಕ್ಕಿಯನ್ನು ತೆರೆದು ಸ್ಟೆಪ್ನಿ ಇದೆಯೋ ಅಥವಾ ಪಂಚರ್ ಕಿಟ್ ಮಾತ್ರವೋ, ಎಚ್ಚರಿಕೆಯ ತ್ರಿಕೋನ ಇದೆಯೋ, ಬೆಳಕಿಗೆ ಹೊಳೆಯುವ ಜಾಕೆಟ್ ಇದೆಯೋ ನೋಡಬೇಕು. ಫ್ರಾನ್ಸ್, ಇಟಲಿ, ಆಸ್ಟ್ರಿಯಾಗಳಲ್ಲಿ ಕಾರು ಕೆಟ್ಟು ಹೆದ್ದಾರಿಯಲ್ಲಿ ಇಳಿಯುವವರು ಆ ಜಾಕೆಟ್ ತೊಟ್ಟಿರಲೇಬೇಕು. ಕಾರಿನಿಂದ ಇಳಿಯುವ ಮೊದಲೇ ಅದು ಬೇಕಾಗುವುದರಿಂದ ಅದರ ಜಾಗ ಸೀಟಿನ ಬಳಿ.

ಮೊದಲ ಗಡಿಯ ಮುನ್ನ ಯೋಚಿಸಬೇಕಾದದ್ದು ಹೆದ್ದಾರಿಯ ಸುಂಕ. ಕೆಲವು ದೇಶಗಳಲ್ಲಿ ಇದನ್ನು ನಿಗದಿತ ಅವಧಿಗೆ ಮೊದಲೇ ತೆರಬೇಕು; ಹಾಗೆ ತೆತ್ತದ್ದಕ್ಕೆ ಸಿಗುವ ಚೀಟಿಯೇ ವಿನ್ಯೆಟ್. ಸ್ವಿಟ್ಜರ್ಲೆಂಡಿನ ವಿನ್ಯೆಟ್‌ಗೆ 40 ಫ್ರಾಂಕ್, ಅದು ವರ್ಷಕ್ಕೆ ಮಾತ್ರ ಸಿಗುತ್ತದೆ. 2023ರ ಆಗಸ್ಟಿನಿಂದ ಗಾಜಿಗೆ ಅಂಟಿಸುವ ಚೀಟಿಯ ಜೊತೆಗೆ ನಂಬರ್ ಪ್ಲೇಟಿಗೆ ಜೋಡಿಸುವ ಎಲೆಕ್ಟ್ರಾನಿಕ್ ರೂಪವೂ ಬಂದಿದೆ. ಇಲ್ಲದೆ ಸಿಕ್ಕಿಬಿದ್ದರೆ ವಿನ್ಯೆಟ್ ಬೆಲೆಯಲ್ಲದೆ 200 ಫ್ರಾಂಕ್ ದಂಡ. ಆಸ್ಟ್ರಿಯಾದಲ್ಲಿ ಒಂದು ದಿನದ್ದು, ಹತ್ತು ದಿನದ್ದು, ಎರಡು ತಿಂಗಳದ್ದು, ವರ್ಷದ್ದು ಎಂದು ಬಗೆಗಳಿವೆ, ಆದರೆ ಬ್ರೆನರ್ ಹೆದ್ದಾರಿಗೂ, ಸ್ಲೊವೇನಿಯಾದ ಕಡೆಗೆ ಸಾಗುವ ಸುಮಾರು 8 ಕಿಲೋಮೀಟರಿನ ಕರಾವಾಂಕೆನ್ ಸುರಂಗಕ್ಕೂ ಬೇರೆಯಾಗಿ ಹಣ ತೆರಬೇಕು. ಸ್ಲೊವೇನಿಯಾ 2022ರಿಂದ, ಚೆಕ್ ಗಣರಾಜ್ಯ 2021ರಿಂದ ಎಲೆಕ್ಟ್ರಾನಿಕ್ ವಿನ್ಯೆಟ್ ಇಟ್ಟುಕೊಂಡಿವೆ. ಕಾರು ನೋಂದಣಿಯಾದ ದೇಶದ ವಿನ್ಯೆಟ್ ಸಾಮಾನ್ಯವಾಗಿ ಅದರಲ್ಲಿ ಇದ್ದೇ ಇರುತ್ತದೆ. ಉಳಿದವನ್ನು ನಾವು ಕೊಳ್ಳಬೇಕು. ಎಲೆಕ್ಟ್ರಾನಿಕ್ ವಿನ್ಯೆಟ್ ನಂಬರ್ ಪ್ಲೇಟಿಗೆ ಅಂಟಿಕೊಂಡಿರುವುದರಿಂದ, ಕೊಳ್ಳುವಾಗ ಕಾರಿನ ಸಂಖ್ಯೆಯನ್ನೂ ನೋಂದಣಿಯ ದೇಶವನ್ನೂ ಪ್ಲೇಟು ನೋಡಿಯೇ ತುಂಬಬೇಕು. ಅಕ್ಷರವೊಂದು ತಪ್ಪಿದರೂ ಕೊಂಡದ್ದು ವ್ಯರ್ಥವಾಗಬಹುದು.

ಪೆಟ್ರೋಲ್ ಬಂಕಿನಲ್ಲಿ ಗೊಂದಲಕ್ಕೆ ಕಾರಣ ಭಾಷೆ. ಡೀಸೆಲ್‌ಗೆ ಫ್ರಾನ್ಸಿನಲ್ಲಿ ಗಝೋಲ್, ಇಟಲಿಯಲ್ಲಿ ಗಝೋಲಿಯೊ ಎಂಬ ಹೆಸರುಗಳು. ಕೇಳಿದರೆ ಗ್ಯಾಸೊಲಿನ್, ಅಂದರೆ ಪೆಟ್ರೋಲ್ ಎಂದೇ ಅನ್ನಿಸುತ್ತದೆ. ಹಿಡಿಕೆಯ ಬಣ್ಣವನ್ನೂ ನಂಬುವಂತಿಲ್ಲ. 2018ರ ಅಕ್ಟೋಬರಿನಿಂದ ಐರೋಪ್ಯ ಒಕ್ಕೂಟದಲ್ಲಿ ಒಂದೇ ಬಗೆಯ ಗುರುತುಗಳು ಬಂದಿರುವುದರಿಂದ ಈ ತೊಡಕು ಬಹುಮಟ್ಟಿಗೆ ನೀಗಿದೆ. ಪೆಟ್ರೋಲಿಗೆ ವೃತ್ತದೊಳಗೆ ಇ5 ಅಥವಾ ಇ10, ಡೀಸೆಲ್‌ಗೆ ಚೌಕದೊಳಗೆ ಬಿ7. ಇದೇ ಗುರುತು ಹೊಸ ಕಾರುಗಳ ಇಂಧನ ಮುಚ್ಚಳದ ಬಳಿಯೂ ಇರುತ್ತದೆ. ಎರಡನ್ನೂ ಒಮ್ಮೆ ಹೋಲಿಸಿ ನೋಡಿ ಆಮೇಲೆ ಹಿಡಿಕೆ ಎತ್ತಿದರೆ ಯಾವ ಭಾಷೆಯ ಜ್ಞಾನವೂ ಬೇಡ. ಹಣ ಕೊಡುವಾಗ ಯಂತ್ರ ನಿಮ್ಮ ದೇಶದ ಹಣದಲ್ಲಿ ಕೊಡುವಿರಾ ಎಂದು ಕೇಳಿದರೆ ಅಲ್ಲಿಯ ಹಣವನ್ನೇ ಆರಿಸಿ. ಯಂತ್ರ ಹಾಕುವ ವಿನಿಮಯ ದರ ಸಾಮಾನ್ಯವಾಗಿ ದುಬಾರಿ.

ರಸ್ತೆಯ ನಿಯಮಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಹೆದ್ದಾರಿಯ ಮಿತಿ ಆಸ್ಟ್ರಿಯಾ, ಫ್ರಾನ್ಸ್, ಇಟಲಿಗಳಲ್ಲಿ ಗಂಟೆಗೆ 130 ಕಿಲೋಮೀಟರ್, ಸ್ವಿಟ್ಜರ್ಲೆಂಡಿನಲ್ಲಿ 120. ಮಳೆ ಬಂದರೆ ಫ್ರಾನ್ಸಿನಲ್ಲೂ ಇಟಲಿಯಲ್ಲೂ ಅದು 110ಕ್ಕೆ ಇಳಿಯುತ್ತದೆ. ಚೆಕ್ ಗಣರಾಜ್ಯ, ಹಂಗೇರಿ, ಸ್ಲೊವಾಕಿಯಾಗಳಲ್ಲಿ ಚಾಲಕನ ರಕ್ತದಲ್ಲಿ ಮದ್ಯದ ಅಂಶ ಸ್ವಲ್ಪವೂ ಇರಕೂಡದು. ಜರ್ಮನಿ, ಆಸ್ಟ್ರಿಯಾಗಳ ಹೆದ್ದಾರಿಯಲ್ಲಿ ವಾಹನಗಳು ಸಾಲುಗಟ್ಟಿ ನಿಧಾನವಾಗುತ್ತಿದ್ದಂತೆ ತೀರ ಎಡ ಸಾಲಿನವರು ಎಡಕ್ಕೂ ಉಳಿದವರೆಲ್ಲ ಬಲಕ್ಕೂ ಸರಿದು, ಆಂಬುಲೆನ್ಸ್ ಬರುವ ಮುಂಚೆಯೇ ನಡುವೆ ಹಾದಿ ಬಿಟ್ಟಿರಬೇಕು. ಇದನ್ನು ಮೊದಲ ಬಾರಿ ಕಂಡಾಗ ನನಗೆ ನಿಜವಾದ ಗೌರವ ಮೂಡಿತು. ಯಾರೂ ಹೇಳದೆ ನೂರಾರು ವಾಹನಗಳು ಎರಡಾಗಿ ಸರಿದು ನಿಂತಿದ್ದವು. ಚಳಿಗಾಲದಲ್ಲಿ ಹೊರಡುವವರು ಟೈರಿನ ಮೇಲೆ ಪರ್ವತ ಮತ್ತು ಹಿಮಹಳಕಿನ ಗುರುತು ಇದೆಯೇ ಎಂದು ಕಾರು ಪಡೆಯುವಾಗಲೇ ನೋಡಬೇಕು. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಹಿಮ, ಕೆಸರುಹಿಮ ಅಥವಾ ಮಂಜುಗಡ್ಡೆ ಇರುವ ರಸ್ತೆಯಲ್ಲಿ ಚಳಿಗಾಲದ ಟೈರು ಕಡ್ಡಾಯ. ಬೆಚ್ಚಗಿನ ಪ್ರದೇಶದಲ್ಲಿ ಪಡೆದ ಕಾರಿನಲ್ಲಿ ಅದು ತಾನಾಗಿ ಇರುವುದೆಂದು ಎಣಿಸುವಂತಿಲ್ಲ.

ಇಟಲಿಯ ಹಳೆಯ ನಗರಗಳ ಮಧ್ಯಭಾಗಕ್ಕೆ ಬಾಡಿಗೆ ಕಾರನ್ನು ಒಯ್ಯದಿರುವುದೇ ಕ್ಷೇಮ. ಫ್ಲಾರೆನ್ಸ್, ರೋಮ್, ಬೊಲೊನ್ಯಾ ಮುಂತಾದ ಕಡೆ ಝಡ್‌ಟಿಎಲ್ ಎಂಬ ನಿರ್ಬಂಧಿತ ವಲಯಗಳಿದ್ದು, ಕ್ಯಾಮೆರಾಗಳು ಪ್ರತಿ ಪ್ರವೇಶದ ನಂಬರ್ ಪ್ಲೇಟನ್ನೂ ದಾಖಲಿಸುತ್ತವೆ. ಒಂದೇ ಸಂಜೆ ದಾರಿ ತಪ್ಪಿ ಎರಡು ಬಾರಿ ಹೊಕ್ಕರೆ ಎರಡು ದಂಡಗಳು ಬರಬಹುದು. ನಗರದ ಹೊರವಲಯದಲ್ಲಿ ಕಾರು ನಿಲ್ಲಿಸಿ ಟ್ರಾಮ್ ಅಥವಾ ಬಸ್ಸಿನಲ್ಲಿ ಒಳಗೆ ಹೋಗಬೇಕು. ಹೋಟೆಲು ವಲಯದೊಳಗೇ ಇದ್ದರೆ ಕಾರಿನ ಸಂಖ್ಯೆಯನ್ನು ಅಧಿಕೃತವಾಗಿ ನೋಂದಾಯಿಸಿಕೊಡಲು ಮೊದಲೇ ಹೋಟೆಲಿನವರನ್ನು ಕೇಳಿಕೊಳ್ಳಬೇಕು. ಇಂಥ ಪ್ರಕರಣಗಳಲ್ಲಿ ಪೊಲೀಸರು ಮೊದಲು ಬಾಡಿಗೆ ಕಂಪನಿಯನ್ನು ಸಂಪರ್ಕಿಸುತ್ತಾರೆ, ಕಂಪನಿ ಚಾಲಕನ ವಿವರ ಒದಗಿಸಿದ್ದಕ್ಕೆ ತನ್ನದೇ ಶುಲ್ಕವನ್ನು ಕಾರ್ಡಿನಿಂದ ಕಡಿತಗೊಳಿಸುತ್ತದೆ, ದಂಡದ ನೋಟಿಸು ಪ್ರತ್ಯೇಕವಾಗಿ ಆಮೇಲೆ ಬರುತ್ತದೆ.

ಕಾರನ್ನು ಹಿಂತಿರುಗಿಸುವಾಗ ಕಚೇರಿ ತೆರೆದಿರುವ ಸಮಯವನ್ನೇ ಆರಿಸಿಕೊಂಡು, ಸಿಬ್ಬಂದಿ ಪರೀಕ್ಷಿಸಿ ಸಹಿ ಹಾಕಿದ ಹಾಳೆಯನ್ನು ಪಡೆಯುವುದು ಉತ್ತಮ. ಕೀಲಿಯನ್ನು ಪೆಟ್ಟಿಗೆಗೆ ಹಾಕಿ ಹೊರಡಲೇಬೇಕಾದರೆ ಮೊದಲು ತೆಗೆದ ಕೋನಗಳಲ್ಲೇ ಮತ್ತೆ ಚಿತ್ರ ತೆಗೆದು, ಓಡೋಮೀಟರನ್ನೂ ತುಂಬಿದ ಟ್ಯಾಂಕಿನ ಮುಳ್ಳನ್ನೂ ಸೇರಿಸಿಕೊಳ್ಳಬೇಕು. ಹತ್ತಿರದ ಬಂಕಿನ ರಸೀದಿ ಜೊತೆಗಿರಲಿ. ಈ ಚಿತ್ರಗಳು, ವಿನ್ಯೆಟ್ ರಸೀದಿಗಳು, ಒಪ್ಪಂದ ಪತ್ರ ಎಲ್ಲವನ್ನೂ ನಾನು ವರ್ಷಕ್ಕಿಂತ ಹೆಚ್ಚು ಕಾಲ ಕಾಪಾಡಿಡುತ್ತೇನೆ, ಏಕೆಂದರೆ ವಿದೇಶದಲ್ಲಿ ವಾಸಿಸುವ ಚಾಲಕನಿಗೆ ಇಟಲಿಯ ದಂಡದ ನೋಟಿಸನ್ನು ತಲುಪಿಸಲು ಕಾನೂನು 360 ದಿನಗಳ ಅವಧಿಯನ್ನು ಕೊಟ್ಟಿದೆ, ಮತ್ತು ಆ ಎಣಿಕೆ ಆರಂಭವಾಗುವುದು ಬಾಡಿಗೆ ಕಂಪನಿ ಚಾಲಕನ ಹೆಸರನ್ನು ತಿಳಿಸಿದ ಮೇಲೆ.