ಟು-ಡೂ ಆ್ಯಪ್ ಬಿಡಿ, ಭತ್ತದ ಲೆಕ್ಕ ಮಾಡಿ

ಗಂಗಾವತಿ, ಸಿಂಧನೂರು ಕಡೆ ಮಂಡಿ-ಮಿಲ್‌ಗಳಲ್ಲಿ ಲೆಕ್ಕ ಬರೆಯುತ್ತಲೇ ಕೋಡಿಂಗ್ ಕಡೆ ಹೊರಳುತ್ತಿರುವವರು ಅಭ್ಯಾಸಕ್ಕೆಂದು ಇನ್ನೊಂದು ಟು-ಡೂ (ಮಾಡಬೇಕಾದ ಕೆಲಸಗಳ ಪಟ್ಟಿಯ) ಆ್ಯಪ್ ಮಾಡಬೇಡಿ. ಭತ್ತ ಖರೀದಿಯ ಬಿಲ್ ಮಾಡುವ ಆ್ಯಪ್ ಮಾಡಿ.

ಕೋಡ್ ಬರೆದುಕೊಡುವ ಎಐ ಸಾಧನಗಳಾದ ಕ್ಲಾಡ್ ಕೋಡ್, ಕರ್ಸರ್ ಯಾವುದಾದರೂ ಸರಿ, ಫಾರ್ಮು, ಡೇಟಾಬೇಸ್ ಎಲ್ಲ ಬೇಗ ಎದ್ದು ನಿಲ್ಲುತ್ತವೆ. ಎಡವೋದು ಲೆಕ್ಕದಲ್ಲಿ. ನಮ್ಮ ಕಡೆ ದರ ಹೇಳೋದು 75 ಕೆಜಿ ಚೀಲಕ್ಕೆ. ಬಿಡಿಸಿ ಹೇಳದಿದ್ದರೆ ಎಐ ಅದನ್ನು ಕ್ವಿಂಟಲ್ (100 ಕೆಜಿ) ದರ ಅಂದುಕೊಳ್ಳಬಹುದು. 6,000 ಕೆಜಿ ಭತ್ತ, ಚೀಲಕ್ಕೆ 1,700 ರೂಪಾಯಿ ಅಂದರೆ 80 ಚೀಲ, 1,36,000. ಕ್ವಿಂಟಲ್ ಹಿಡಿದರೆ 1,02,000. ಎರರ್ ಮಾತ್ರ ಒಂದೂ ಬರೋದಿಲ್ಲ! ಹಾಗಾಗಿ ಹಳೆಯ ಹತ್ತು ಬಿಲ್‌ಗಳನ್ನು, ಕೈಲೆಕ್ಕದ ಮೊತ್ತದ ಸಮೇತ, ಮೊದಲೇ ಟೆಸ್ಟ್ ಆಗಿ, ಅಂದರೆ ಕೋಡ್ ಕೊಡುವ ಉತ್ತರವನ್ನು ತಾಳೆ ನೋಡುವ ಪರೀಕ್ಷೆಯಾಗಿ, ಮಾಡಿಡಿ. ‘ಟೆಸ್ಟ್ ಮುಟ್ಟಬೇಡ’ ಅಂತಲೂ ಎಐಗೆ ಬರೆಯಿರಿ. ಅದು ಕೋಡ್ ಬಿಟ್ಟು ಟೆಸ್ಟನ್ನೇ ತಿದ್ದಿ ಪಾಸಾಗೋದುಂಟು. ಹಣವನ್ನು ಪೈಸೆಯ ಪೂರ್ಣಾಂಕದಲ್ಲೇ ಇಡಿ, ದಶಮಾಂಶ ಬೇಡ.

ಈ ಚೀಲ-ಕ್ವಿಂಟಲ್ ವ್ಯತ್ಯಾಸ ಬೆಂಗಳೂರಿನ ಎಷ್ಟು ಡೆವಲಪರ್‌ಗಳಿಗೆ ಗೊತ್ತಿದ್ದೀತು? ಗುಮಾಸ್ತಿಕೆ ದಂಡ ಅಂದುಕೊಂಡವರು ಇಂಟರ್‌ವ್ಯೂನಲ್ಲಿ ಇದನ್ನೇ ವಿವರಿಸಲಿ.

ಪಿಡಿಎಫ್ ಇನ್ನೊಂದು ತಲೆನೋವು. ಪಿಡಿಎಫ್ ಮಾಡುವ ಕೆಲವು ಲೈಬ್ರರಿಗಳಿಗೆ (ಸಿದ್ಧ ಕೋಡ್‌ಗಳಿಗೆ) ಒತ್ತಕ್ಷರ ಜೋಡಿಸಲು ಬರಲ್ಲ, ‘ಬಳ್ಳಾರಿ’ಯ ಒತ್ತು ಕಳಚಿ ಪಕ್ಕಕ್ಕೆ ಬಂದು ಕೂರುತ್ತದೆ. ಫಾಂಟ್ ಬದಲಿಸಿದರೂ ಹೋಗಲ್ಲ. ಬಿಲ್ಲನ್ನು ವೆಬ್ ಪುಟದ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಮಾಡಿ, ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿ, ಬ್ರೌಸರ್‌ನಿಂದಲೇ ಪಿಡಿಎಫ್ ಮಾಡಿಸಿ.

ಪ್ರತಿ ಬದಲಾವಣೆಗೆ ಮುಂಚೆ ಗಿಟ್ ಕಮಿಟ್ ಮಾಡಿ, ಅಂದರೆ ಅಲ್ಲಿಯವರೆಗಿನ ಕೋಡನ್ನು ದಾಖಲಿಸಿಡಿ. ಎಪಿಐ ಕೀ (ಬೇರೆ ಸೇವೆ ಬಳಸಲು ಕೊಡುವ ರಹಸ್ಯ ಸಂಕೇತ) ಕೋಡ್ ಇಡುವ ತಾಣವಾದ ಗಿಟ್‌ಹಬ್‌ಗೆ ಹೋಗಿಬಿಟ್ಟರೆ ಫೈಲ್ ಅಳಿಸಿ ಉಪಯೋಗವಿಲ್ಲ, ಹಳೆಯ ಕಮಿಟ್‌ನಲ್ಲಿ ಇದ್ದೇ ಇರುತ್ತದೆ. ಆ ಕೀಯನ್ನೇ ರದ್ದು ಮಾಡಿ.