ರಬ್ಬರ್ ನೆಲಹಾಸಿಗೆ ಮೊದಲು ಕೆಳಗಿನ ಕಾಂಕ್ರೀಟ್ ನೋಡಿ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ, ಜಿಮ್‌ಗಳಲ್ಲಿ ಮತ್ತು ಮಕ್ಕಳ ಆಟದ ಜಾಗಗಳಲ್ಲಿ ರಬ್ಬರ್ ನೆಲಹಾಸು ಹಾಕಿಸುವ ಕೆಲಸದ ಮೇಲ್ವಿಚಾರಣೆ ನನ್ನದು. ವಿಚಾರಿಸಲು ಬರುವವರಲ್ಲಿ ಹೆಚ್ಚಿನವರು ಮೊದಲು ಬಣ್ಣದ ಬಗ್ಗೆ, ಆಮೇಲೆ ಚದರಡಿಯ ದರದ ಬಗ್ಗೆ ಕೇಳುತ್ತಾರೆ. ನಾನು ಮೊದಲು ಅವರ ಕಾಂಕ್ರೀಟ್ ನೋಡಬೇಕೆನ್ನುತ್ತೇನೆ. ರಬ್ಬರ್ ಎಷ್ಟೇ ಉತ್ತಮವಾಗಿದ್ದರೂ ಕೆಳಗಿನ ನೆಲದಲ್ಲಿ ತೇವವಿದ್ದರೆ ಅಂಟು ಬಿಡುತ್ತದೆ, ಅಂಚು ಮೇಲೇಳುತ್ತದೆ, ಹಾಸಿನಡಿಯಲ್ಲಿ ನೀರು ನಿಂತು ವಾಸನೆ ಶುರುವಾಗುತ್ತದೆ.

ತೇವ ಪರೀಕ್ಷಿಸಲು ದುಬಾರಿ ಉಪಕರಣವೇ ಬೇಕೆಂದಿಲ್ಲ. ಒಂದೂವರೆ ಅಡಿ ಚೌಕದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ನೆಲದ ಮೇಲೆ ಹರಡಿ, ಗಾಳಿಯಾಡದಂತೆ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಕನಿಷ್ಠ 16 ಗಂಟೆ ಬಿಡಬೇಕು. ಹಾಳೆ ಎತ್ತಿದಾಗ ಅದರ ಒಳಮೈಯಲ್ಲಿ ಸಣ್ಣ ಹನಿಗಳಿದ್ದರೆ, ಅಥವಾ ಹಾಳೆಯಿದ್ದಷ್ಟು ಜಾಗದ ಕಾಂಕ್ರೀಟ್ ಸುತ್ತಲಿನದಕ್ಕಿಂತ ಕಪ್ಪಾಗಿ ಕಂಡರೆ, ಅಲ್ಲಿ ಇನ್ನೂ ಕೆಲಸ ಆರಂಭಿಸಬಾರದು. ಕಾಂಕ್ರೀಟಿಗೆ 28 ದಿನ ತುಂಬಿತಲ್ಲ ಎಂದು ಕಟ್ಟಡದವರು ಹೇಳುವುದುಂಟು. ಅದು ಬಲ ಬರುವ ಲೆಕ್ಕವೇ ಹೊರತು ಒಣಗುವ ಲೆಕ್ಕವಲ್ಲ. ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಂತೂ ಈ ಪರೀಕ್ಷೆಯನ್ನು ನಾಲ್ಕೈದು ಕಡೆ ಮಾಡಿಸುತ್ತೇನೆ.

ಇನ್ನು ಸಾಮಗ್ರಿಯ ಮಾತು. ಹಳೆಯ ಟೈರುಗಳನ್ನು ಪುಡಿಮಾಡಿ ಮಾಡಿದ ಕಪ್ಪು ಎಸ್‌ಬಿಆರ್ (ಟೈರಿಗೆ ಬಳಸುವ ಒಂದು ಕೃತಕ ರಬ್ಬರ್) ಕಣಗಳು ಅಗ್ಗ. ಇಪಿಡಿಎಂ ಎಂಬ ಇನ್ನೊಂದು ಕೃತಕ ರಬ್ಬರಿನ ಬಣ್ಣದ ಕಣಗಳು ದುಬಾರಿಯಾದರೂ ಬಿಸಿಲಿಗೆ ಹೆಚ್ಚು ಬಾಳುತ್ತವೆ. ಆದ್ದರಿಂದ ಆಟದ ಜಾಗದಲ್ಲಿ ಎಸ್‌ಬಿಆರ್ ಅನ್ನು ಕೆಳಪದರವಾಗಿಯೂ, 10ರಿಂದ 15 ಮಿ.ಮೀ. ಇಪಿಡಿಎಂ ಅನ್ನು ಮೇಲ್ಪದರವಾಗಿಯೂ ಹಾಕುತ್ತೇವೆ. ಮಗು ಯಾವ ಎತ್ತರದಿಂದ ಬೀಳಬಹುದು ಎಂಬುದರ ಮೇಲೆ ಕೆಳಪದರದ ದಪ್ಪ ನಿರ್ಧಾರವಾಗುತ್ತದೆ. ಹಣ ಉಳಿಸಲು ಇದನ್ನು ತೆಳುಮಾಡುವುದಕ್ಕೆ ನಾನು ಒಪ್ಪುವುದಿಲ್ಲ. ಕಣಗಳನ್ನು ಹಿಡಿದಿಡುವ ಪಾಲಿಯುರೆಥೇನ್ ಬೈಂಡರ್ ಗಾಳಿಯ ತೇವಾಂಶದಿಂದಲೇ ಗಟ್ಟಿಯಾಗುವಂಥದ್ದು. ಹಾಸುವಾಗ ಮಳೆ ಬಿದ್ದರೆ ಅದು ನೊರೆಗಟ್ಟಿ ಸಡಿಲವಾಗುತ್ತದೆ. ಹೀಗಾಗಿ ಬಯಲಿನ ಕೆಲಸವನ್ನು ಮಳೆಗಾಲ ಕಳೆದ ಮೇಲೆ ಇಟ್ಟುಕೊಳ್ಳುವುದು ಕ್ಷೇಮ. ಅಗ್ಗದ ಬೈಂಡರ್ ಬಿಸಿಲಿಗೆ ಹಳದಿಯಾಗುವುದರಿಂದ ತಿಳಿನೀಲಿ ನೆಲ ಕೆಲ ಕಾಲದಲ್ಲೇ ಹಸಿರಾಗಿ ಕಾಣತೊಡಗುತ್ತದೆ.

ಕಾರು ಓಡಾಡುವ ಜಾಗಕ್ಕೆ ರಬ್ಬರ್ ಕೇಳಿದವರಿಗೆ ನಾನು ಎಚ್ಚರಿಕೆಯಿಂದ ಉತ್ತರಿಸುತ್ತೇನೆ. ನೇರವಾಗಿ ಹೋಗಿಬರುವ ಚಕ್ರ ಅಷ್ಟು ಹಾನಿ ಮಾಡುವುದಿಲ್ಲ. ಆದರೆ ಗೇಟಿನ ಬಳಿ ಕಾರು ನಿಲ್ಲಿಸಿಕೊಂಡೇ ಸ್ಟೇರಿಂಗ್ ತಿರುಗಿಸಿದಾಗ ಟೈರು ಒಂದೇ ಜಾಗದಲ್ಲಿ ಉಜ್ಜಿ, ಕಣಗಳನ್ನು ಒಂದೊಂದಾಗಿ ಕಿತ್ತು ಅಂಗೈಯಗಲದ ಗುಳಿ ಮಾಡುತ್ತದೆ. ಇಂಜಿನ್ ಆಯಿಲ್, ಡೀಸೆಲ್ ಸೋರುವ ಕಡೆ ಇಪಿಡಿಎಂ ಉಬ್ಬಿ ಮೆತ್ತಗಾಗುತ್ತದೆ. ಕಾರು ತಿರುಗುವ ಮತ್ತು ನಿಲ್ಲುವ ಜಾಗಕ್ಕೆ ಕಾಂಕ್ರೀಟ್ ಪೇವರ್, ನಡೆದಾಡುವ ದಾರಿಗೆ ರಬ್ಬರ್ ಎಂಬುದು ನನ್ನ ಸಲಹೆ. ಇದರಿಂದ ನಮ್ಮ ವ್ಯಾಪಾರ ಕಡಿಮೆಯಾದರೂ ಮುಂದೆ ದೂರು ಬರುವುದಿಲ್ಲ. ಜಿಮ್ಮಿನಲ್ಲಿ ಟ್ರೆಡ್‌ಮಿಲ್ ಕೆಳಗೆ 8 ಮಿ.ಮೀ. ರೋಲ್ ಸಾಕು, ತೂಕ ಎತ್ತಿಹಾಕುವ ಕಡೆ ಕನಿಷ್ಠ 20 ಮಿ.ಮೀ. ರಬ್ಬರ್ ಟೈಲ್ಸ್ ಬೇಕು. ವಿನೈಲ್ ನೆಲದ ಮೇಲೆ ನೇರವಾಗಿ ರಬ್ಬರ್ ಹಾಸಿದರೆ ಹೋಗದ ಕಲೆ ಉಳಿಯುತ್ತದೆ.

ನಿರ್ವಹಣೆಯಲ್ಲಿ ಮುಖ್ಯವಾದದ್ದು ಧೂಳು. ಅದು ಕಣಗಳ ನಡುವಿನ ಸಂದುಗಳಲ್ಲಿ ಕೂತರೆ ಮಳೆನೀರು ಇಳಿಯದೆ ಪಾಚಿ ಕಟ್ಟುತ್ತದೆ. ಆಗಾಗ ಗುಡಿಸಿ, ಸೌಮ್ಯ ಸೋಪಿನ ನೀರು ಹಾಕಿ ಮೃದು ಬ್ರಷ್‌ನಿಂದ ಉಜ್ಜಿದರೆ ಸಾಕು. ಆಸಿಡ್, ಬ್ಲೀಚಿಂಗ್ ಪೌಡರ್, ಥಿನ್ನರ್ ಯಾವುದೂ ಬೇಡ. ಸಣ್ಣ ಹರಕು ಕಂಡಾಗಲೇ ಆ ಭಾಗವನ್ನು ಚೌಕವಾಗಿ ಕತ್ತರಿಸಿ, ಅದೇ ಕಣಗಳಿಂದ ತುಂಬಿಸಬೇಕು. ಬೇರೆ ಬ್ಯಾಚಿನ ಬಣ್ಣ ಹೊಂದುವುದಿಲ್ಲವಾದ್ದರಿಂದ ಕೆಲಸ ಮುಗಿದ ದಿನವೇ ಒಂದು ಚೀಲ ಕಣಗಳನ್ನು ತೆಗೆದಿಡಲು ಹೇಳುತ್ತೇನೆ. ಬೈಂಡರನ್ನು ಮಾತ್ರ ಹಾಗೆ ಉಳಿಸಿಡಲಾಗದು, ಒಮ್ಮೆ ತೆರೆದ ಡಬ್ಬ ಒಳಗೇ ಗಟ್ಟಿಯಾಗುತ್ತದೆ. ರಿಪೇರಿಗೆ ಪ್ರತಿಸಲವೂ ಹೊಸದನ್ನೇ ತರಬೇಕು.